ಬಾರ್ಬಡೋಸ್ ದ್ವೀಪಪ್ರವಾಸ: ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳು

ನಮ್ಮ ಶಾಲೆಯಲ್ಲಿ ಅಕ್ಷರ ಕಲಿತವರಲ್ಲಿ ಅನೇಕರು ಇಂದು ಕೊಲ್ಲಿರಾಷ್ಟ್ರಗಳಲ್ಲಿಯೂ ಅದಕ್ಕಿಂತ ದೂರದ ದೇಶಗಳಲ್ಲಿಯೂ ದುಡಿಯುತ್ತಿದ್ದಾರೆ. ಅವರಲ್ಲೊಬ್ಬರು ಕಳೆದ ವರ್ಷ ತಮ್ಮ ತಂದೆತಾಯಿಗಳ ವಿವಾಹದ ನಲವತ್ತನೆಯ ವರ್ಷದ ಕಾಣಿಕೆಯಾಗಿ, ಕೆರಿಬಿಯನ್ ಸಮುದ್ರದ ಅಂಚಿನಲ್ಲಿರುವ ಬಾರ್ಬಡೋಸ್ ದ್ವೀಪಕ್ಕೆ ಏಳು ದಿನಗಳ ಪ್ಯಾಕೇಜು ಪ್ರವಾಸವನ್ನು ಗೊತ್ತುಮಾಡಿಕೊಟ್ಟರು. 'ಎಲ್ಲವೂ ಸೇರಿದೆ' ಎಂದು ಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಆದರೆ ದಂಪತಿಗಳು ಪೆಟ್ಟಿಗೆಗಳೊಡನೆ ವಿಮಾನನಿಲ್ದಾಣದಲ್ಲಿ ಸರತಿಯಲ್ಲಿ ನಿಂತಾಗ, ಲಂಡನ್ನಿನಲ್ಲಿ ವಿಮಾನ ಬದಲಿಸಲು ಬೇಕಾದ ವೀಸಾ ಇಲ್ಲವೆಂದು ಅವರನ್ನು ಹಿಂದಿರುಗಿಸಲಾಯಿತು. ಕೊಟ್ಟ ಹಣದಲ್ಲಿ ಬಹುಭಾಗ ಮರಳಲಿಲ್ಲ. ಹಣಕ್ಕಿಂತಲೂ, ನೆರೆಹೊರೆಯವರಿಂದ ಬೀಳ್ಕೊಂಡು ಹೊರಟವರು ಮರುದಿನವೇ ಮನೆಗೆ ಬಂದುದರ ಸಂಕೋಚವೇ ಅವರನ್ನು ಹೆಚ್ಚಾಗಿ ಬಾಧಿಸಿತು. ಈ ವರ್ಷ ಮತ್ತೊಮ್ಮೆ ಪ್ರಯತ್ನಿಸುವ ಮೊದಲು ಅವರು ಕಾಗದಪತ್ರಗಳನ್ನು ನನ್ನಲ್ಲಿಗೆ ತಂದರು. ಭೂಗೋಳ ಕಲಿಸುವ ಮಾಸ್ತರರಿಗೆ ಎಲ್ಲ ದೇಶಗಳ ದಾರಿಯೂ ತಿಳಿದಿರತಕ್ಕದ್ದೆಂಬುದು ನಮ್ಮೂರವರ ನಂಬಿಕೆ! ನಾನು ಆ ದ್ವೀಪವನ್ನು ಕಂಡವನಲ್ಲ. ಅವರ ಸಲುವಾಗಿ ಓದಿ ವಿಚಾರಿಸಿ ಸಂಗ್ರಹಿಸಿದುದು ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಬಾರ್ಬಡೋಸ್ ಸುಮಾರು ೩೪ ಕಿಲೋಮೀಟರು ಉದ್ದ, ೨೩ ಕಿಲೋಮೀಟರು ಅಗಲವುಳ್ಳ ಚಿಕ್ಕ ದ್ವೀಪ. ಬ್ರಿಟಿಷರ ಅಧೀನದಲ್ಲಿದ್ದ ಈ ನಾಡು ೧೯೬೬ರ ನವೆಂಬರ್ ೩೦ರಂದು ಸ್ವತಂತ್ರವಾಯಿತು. ೨೦೨೧ರಲ್ಲಿ ಅದೇ ದಿನ ಗಣರಾಜ್ಯವಾಯಿತು. ರಾಜಧಾನಿ ಬ್ರಿಜ್‌ಟೌನ್. ಭೂಪಟವನ್ನು ಬಿಡಿಸಿ ನೋಡಿದರೆ ಅದು ಹೆಚ್ಚುಕಡಿಮೆ ನಮ್ಮ ಮಂಗಳೂರಿನ ಅಕ್ಷಾಂಶದಲ್ಲಿಯೇ ಇದೆ. ಆದುದರಿಂದ ನಮ್ಮ ಕರಾವಳಿಯ ಸೂರ್ಯನೇ ಅಲ್ಲಿಯ ಸೂರ್ಯ. ಉಣ್ಣೆಯ ಬಟ್ಟೆಯ ಅವಶ್ಯಕತೆ ವಿಮಾನದೊಳಗೆ ಮಾತ್ರ. ಗಡಿಯಾರವನ್ನು ಮಾತ್ರ ಒಂಬತ್ತೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಭಾರತದ ಪಾಸ್‌ಪೋರ್ಟು ಉಳ್ಳವರು ವಿಹಾರಾರ್ಥವಾಗಿ ಬಾರ್ಬಡೋಸಿಗೆ ಹೋಗಲು ಮುಂಚಿತವಾಗಿ ವೀಸಾ ಪಡೆಯಬೇಕಾಗಿಲ್ಲ. ತೊಂಬತ್ತು ದಿನಗಳವರೆಗೆ ಇರಬಹುದು. ಎಡವುವುದು ಇಲ್ಲಿಯೇ. ಗಮ್ಯಸ್ಥಾನಕ್ಕೆ ವೀಸಾ ಬೇಡವೆಂದರೆ ದಾರಿಗೂ ಬೇಡವೆಂದು ಜನ ತಿಳಿಯುತ್ತಾರೆ, ಮಾರುವವರೂ ಬಿಡಿಸಿ ಹೇಳುವುದಿಲ್ಲ. ನಮ್ಮ ದೇಶದಿಂದ ಆ ದ್ವೀಪಕ್ಕೆ ನೇರ ವಿಮಾನವಿಲ್ಲ. ಲಂಡನ್ನಿನ ಮೂಲಕ ಹೋಗುವವರು, ವಿಮಾನನಿಲ್ದಾಣದ ಒಳಗಿನಿಂದಲೇ ಮತ್ತೊಂದು ವಿಮಾನವನ್ನು ಹತ್ತುವುದಾದರೂ, ಅಮೆರಿಕ ಕೆನಡಾ ಮೊದಲಾದ ದೇಶಗಳ ವೀಸಾ ಇದ್ದವರಿಗೆ ದೊರೆಯುವ ವಿನಾಯಿತಿ ತಮಗಿಲ್ಲದಿದ್ದರೆ, ಹಾದುಹೋಗುವ ವೀಸಾ ಪಡೆದಿರಬೇಕು. ಇನ್ನೊಂದು ತೊಡಕುಂಟು. ಬಾರ್ಬಡೋಸಿಗೆ ಹೋಗುವ ಕೆಲವು ವಿಮಾನಗಳು ಹೀಥ್ರೂ ನಿಲ್ದಾಣದಿಂದಲೂ ಕೆಲವು ಗ್ಯಾಟ್‌ವಿಕ್ ನಿಲ್ದಾಣದಿಂದಲೂ ಹೊರಡುತ್ತವೆ. ಒಂದರಲ್ಲಿ ಇಳಿದು ಮತ್ತೊಂದರಲ್ಲಿ ಹತ್ತುವುದಾದರೆ ಊರೊಳಗೆ ಪ್ರವೇಶಿಸಿದಂತಾಯಿತು; ಆಗ ಬೇಕಾಗುವ ವೀಸಾ ಬೇರೆ. ಎರಡು ಟಿಕೇಟುಗಳನ್ನು ಪ್ರತ್ಯೇಕವಾಗಿ ಕೊಂಡಿದ್ದರೂ ಪೆಟ್ಟಿಗೆಗಳನ್ನು ಹೊರಗೆ ತಂದು ಮತ್ತೆ ಒಪ್ಪಿಸಬೇಕಾಗಬಹುದು. ಅಮೆರಿಕದ ಮೂಲಕವಾದರೆ ವಿಮಾನನಿಲ್ದಾಣದೊಳಗೇ ಉಳಿದು ಹಾದುಹೋಗುವ ಪದ್ಧತಿಯೇ ಇಲ್ಲ. ನ್ಯೂಯಾರ್ಕಿನಲ್ಲಿ ಎರಡು ಗಂಟೆ ಕುಳಿತೆದ್ದು ಹೋಗುವವನಿಗೂ ಆ ದೇಶದ ವೀಸಾ ಬೇಕೇ ಬೇಕು, ಅದರ ಸಂದರ್ಶನಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗುವುದೂ ಉಂಟು. ಹೀಗಿರಲು, ಪ್ಯಾಕೇಜಿನ ಬೆಲೆಯನ್ನು ಕೇಳುವ ಮೊದಲು ವಿಮಾನ ಯಾವ ಯಾವ ಊರಿನಲ್ಲಿ ಇಳಿಯುತ್ತದೆಂದು ಕೇಳಬೇಕು; ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಬೇಕು. ಈ ನಿಯಮಗಳು ಆಗಾಗ ಬದಲಾಗುವುದರಿಂದ ಹಣ ಕಟ್ಟುವ ವಾರದಲ್ಲಿಯೇ ಆಯಾ ಸರಕಾರಗಳ ಪ್ರಕಟನೆಗಳನ್ನು ನೋಡಿ ಖಚಿತಪಡಿಸಿಕೊಳ್ಳುವುದು ಯುಕ್ತ.

'ಎಲ್ಲವೂ' ಎಂಬ ಮಾತಿನ ಅರ್ಥ ಸಾಮಾನ್ಯವಾಗಿ ಹೊಟೇಲಿನ ಆವರಣದೊಳಗಿನ ಊಟ, ತಿಂಡಿ, ಪಾನೀಯ, ಕೊಠಡಿ ಇಷ್ಟೇ. ಹ್ಯಾರಿಸನ್ ಗುಹೆಯಂಥ ಪ್ರಸಿದ್ಧ ಸ್ಥಳದ ಪ್ರವೇಶಧನ, ಹೊಟೇಲಿನ ಹೊರಗಿನ ಓಡಾಟ, ವಿಮೆ ಇವು ಬೇರೆ. ಕೊಠಡಿಯ ಮೇಲೆ ದಿನಕ್ಕಿಷ್ಟೆಂದು ವಿಧಿಸುವ ಸರಕಾರಿ ಕರವು ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ವಿಚಾರಿಸಿಕೊಳ್ಳಬೇಕು. ನಮ್ಮಲ್ಲಿ ವಿದೇಶ ಪ್ರವಾಸದ ಪ್ಯಾಕೇಜು ಕೊಳ್ಳುವಾಗ ಮೂಲದಲ್ಲಿಯೇ ಒಂದು ತೆರಿಗೆಯನ್ನು ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ. ವರ್ಷಾಂತ್ಯದ ಆದಾಯತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದಾದುದರಿಂದ ರಸೀದಿಯನ್ನು ಜೋಪಾನವಾಗಿಡಬೇಕು. ದ್ವೀಪದ ನಾಣ್ಯ ಬಾರ್ಬಡೋಸ್ ಡಾಲರು. ೧೯೭೫ರಿಂದಲೂ ಅದರ ಎರಡು ಡಾಲರುಗಳು ಅಮೆರಿಕದ ಒಂದು ಡಾಲರಿಗೆ ಸಮವಾಗಿ ನಿಂತಿವೆ. ಅಮೆರಿಕದ ನೋಟುಗಳನ್ನು ಅಂಗಡಿಗಳಲ್ಲಿ ಸ್ವೀಕರಿಸುತ್ತಾರಾದರೂ, ಬೆಲೆಯನ್ನು ಕೇಳುವಾಗ 'ಯಾವ ಡಾಲರು?' ಎಂದು ಕೇಳದವನು ಇಮ್ಮಡಿ ತೆತ್ತಾನು.

ಕಾಲವನ್ನು ಆರಿಸುವುದರಲ್ಲಿ ಜಾಗ್ರತೆ ಅವಶ್ಯ. ಜೂನ್ ೧ರಿಂದ ನವೆಂಬರ್ ೩೦ರವರೆಗೆ ಆ ಸಾಗರದಲ್ಲಿ ಚಂಡಮಾರುತದ ಋತು. ಪ್ಯಾಕೇಜುಗಳು ಅಗ್ಗವಾಗುವುದೂ ಆಗಲೇ. ಬಾರ್ಬಡೋಸ್ ಇತರ ದ್ವೀಪಗಳಿಗಿಂತ ಪೂರ್ವಕ್ಕೆ ಸರಿದಿರುವುದರಿಂದ ಅನೇಕ ಬಿರುಗಾಳಿಗಳು ಅದನ್ನು ತಪ್ಪಿಸಿ ಹೋಗುತ್ತವೆ. ೧೯೫೫ರ 'ಜ್ಯಾನೆಟ್' ಚಂಡಮಾರುತದ ಬಳಿಕ ೨೦೨೧ರ 'ಎಲ್ಸಾ' ಬರುವತನಕ ಅಂಥ ನೇರ ಹೊಡೆತ ಬಿದ್ದಿರಲಿಲ್ಲ. ಆದರೂ ನಿಶ್ಚಿಂತೆಯಿಂದಿರಲಾಗದೆಂಬುದು ೨೦೨೪ರಲ್ಲಿ ನಮಗೆಲ್ಲ ಗೊತ್ತಾಯಿತು. ಆ ವರ್ಷದ ಜೂನ್ ೨೯ರಂದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ ಭಾರತದ ಕ್ರಿಕೆಟ್ ತಂಡವು ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದಿತು. ತರಬೇತುದಾರರು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರು. ಅಷ್ಟರಲ್ಲಿ 'ಬೆರಿಲ್' ಚಂಡಮಾರುತ ಸಮೀಪಿಸಿ ವಿಮಾನನಿಲ್ದಾಣ ಮುಚ್ಚಿತು; ವಿಶ್ವವಿಜೇತರೂ ಹೊಟೇಲಿನಲ್ಲಿ ದಿನಗಳನ್ನು ಎಣಿಸಿ, ವಿಶೇಷ ವಿಮಾನದಲ್ಲಿ ಜುಲೈ ೪ರಂದು ದೆಹಲಿಯನ್ನು ಸೇರಿದರು. ಸಾಮಾನ್ಯ ಯಾತ್ರಿಕನಿಗೆ ಯಾರೂ ವಿಶೇಷ ವಿಮಾನ ಕಳುಹಿಸುವುದಿಲ್ಲ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆಯು ಸಾಮಾನ್ಯವಾಗಿ ಆ ಬಿರುಗಾಳಿಯ ನಷ್ಟವನ್ನು ತುಂಬಿಕೊಡುವುದಿಲ್ಲವಾದುದರಿಂದ, ಟಿಕೇಟಿನೊಡನೆಯೇ ವಿಮೆಯನ್ನೂ ಮಾಡಿಸತಕ್ಕದ್ದು. ನಮ್ಮ ದಂಪತಿಗಳಿಗೆ ನಾನು ಜನವರಿ ತಿಂಗಳನ್ನು ಸೂಚಿಸಿದ್ದೇನೆ. ಬೆಲೆ ಹೆಚ್ಚು, ಆದರೆ ಆಕಾಶ ನಿರ್ಮಲ.

ಸಮುದ್ರಸ್ನಾನಕ್ಕೆ ಪಶ್ಚಿಮ ತೀರವೇ ಯೋಗ್ಯ. ಪೂರ್ವದ ಬಾತ್‌ಶೀಬಾ ಮೊದಲಾದೆಡೆಗಳಲ್ಲಿ ಅಟ್ಲಾಂಟಿಕಿನ ಅಲೆಗಳು ರುದ್ರವಾಗಿವೆ. ನೋಡಿ ಬರಬಹುದು, ಇಳಿಯಕೂಡದು. ಕಡಲತೀರಗಳೆಲ್ಲ ಸಾರ್ವಜನಿಕ, ಹೊಟೇಲಿನವರದಲ್ಲ. ತೀರದಲ್ಲಿ ಚಿಕ್ಕ ಸೇಬಿನಂಥ ಹಸುರು ಕಾಯಿ ಬಿಡುವ ಮ್ಯಾಂಚಿನೀಲ್ ಎಂಬ ವಿಷವೃಕ್ಷವಿದೆ. ಹಸಿ ಗೇರುಬೀಜದ ಎಣ್ಣೆ ತಾಗಿದರೆ ಬೊಕ್ಕೆ ಏಳುವುದನ್ನು ನಾವು ಬಲ್ಲೆವು. ಇದರ ಹಾಲು ಅದಕ್ಕಿಂತ ಕ್ರೂರ. ಮಳೆ ಬಂದಾಗ ಅದರ ಅಡಿಯಲ್ಲಿ ನಿಂತರೂ ಮೈ ಸುಡುತ್ತದೆ. ಅನೇಕ ಕಡೆ ಕಾಂಡಕ್ಕೆ ಕೆಂಪು ಬಣ್ಣ ಬಳಿದು ಎಚ್ಚರಿಸಿದ್ದಾರೆ. ಮತ್ತೊಂದು ವಿಚಿತ್ರ ನಿಯಮವೆಂದರೆ ಸೈನಿಕರ ಮಚ್ಚೆಬಣ್ಣದ ಉಡುಪನ್ನು ಇತರರು ಧರಿಸುವುದು ಅಲ್ಲಿ ಕಾನೂನುಬಾಹಿರ. ಮಕ್ಕಳಿಗೂ ಇದರಿಂದ ವಿನಾಯಿತಿಯಿಲ್ಲ.

ಶಾಕಾಹಾರಿಗಳು ಭಯಪಡಬೇಕಾಗಿಲ್ಲ. ನಮ್ಮ ಹಿತ್ತಿಲಿನ ಜೀಗುಜ್ಜೆ ಅಲ್ಲಿಯೂ ಮನೆಮಾತು. ಗುಲಾಮರ ಹೊಟ್ಟೆಗೆ ಅಗ್ಗದ ಆಹಾರವಾಗಲೆಂದು ಕ್ಯಾಪ್ಟನ್ ಬ್ಲೈ ಎಂಬ ಆಂಗ್ಲ ನಾವಿಕನು ಅದರ ಸಸಿಗಳನ್ನು ತಾಹಿಟಿ ದ್ವೀಪದಿಂದ ೧೭೯೩ರಲ್ಲಿ ವೆಸ್ಟ್ ಇಂಡೀಸಿಗೆ ತಂದನು. ತೊಗರಿಕಾಳು ಬೆರೆಸಿದ ಅನ್ನವೂ ಅಲ್ಲಿ ನಿತ್ಯದ ಊಟ. ಆದರೆ ರುಚಿಗಾಗಿ ಅದರಲ್ಲಿ ಉಪ್ಪಿಟ್ಟ ಮಾಂಸದ ತುಂಡನ್ನು ಹಾಕಿ ಬೇಯಿಸುವ ವಾಡಿಕೆಯುಂಟು, ಕೇಳದೆ ಉಣ್ಣಬಾರದು. ಸುಣ್ಣಕಲ್ಲಿನಲ್ಲಿ ಸೋಸಿ ಬರುವ ನಲ್ಲಿಯ ನೀರು ಕುಡಿಯಲು ಯೋಗ್ಯ. ವಿದ್ಯುತ್ತಿನ ಚುಚ್ಚುಬಾಯಿ ಅಮೆರಿಕದ ಮಾದರಿಯದು, ಬಲ ೧೧೫ ವೋಲ್ಟು ಮಾತ್ರ.

ಕೆಲವು ಪ್ಯಾಕೇಜುಗಳಲ್ಲಿ ಟ್ರಿನಿಡಾಡಿನ ಎರಡು ದಿನಗಳೂ ಸೇರಿರುತ್ತವೆ. ೧೮೪೫ರಿಂದ ಭಾರತದ ಕೂಲಿಕಾರರು ಹೋಗಿ ನೆಲೆಸಿದ ಆ ದ್ವೀಪವನ್ನು ನೋಡಬೇಕೆಂಬ ಆಸೆ ಸಹಜವೇ. ಆದರೆ ಭಾರತ ಸರಕಾರವು ಟ್ರಿನಿಡಾಡನ್ನು ಹಳದಿಜ್ವರದ ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ನಮ್ಮ ದೇಶಕ್ಕೆ ಬರುವವರು ಲಸಿಕೆಯ ಪ್ರಮಾಣಪತ್ರವನ್ನು ತೋರಿಸದಿದ್ದರೆ, ಆ ಆರು ದಿನಗಳು ತುಂಬುವತನಕ ಪ್ರತ್ಯೇಕವಾಗಿರಿಸಲ್ಪಡಬಹುದು. ಬಾರ್ಬಡೋಸ್ ಒಂದನ್ನೇ ನೋಡಿ ಬರುವವರಿಗೆ ಈ ತೊಂದರೆಯಿಲ್ಲ. ಲಸಿಕೆಯನ್ನು ಸರಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಹಾಕಿಸಿದ ಹತ್ತು ದಿನಗಳ ಬಳಿಕವೇ ಪ್ರಮಾಣಪತ್ರಕ್ಕೆ ಬೆಲೆ; ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಅರುವತ್ತು ದಾಟಿದವರು, ಮೊಟ್ಟೆ ಒಗ್ಗದವರು ಮೊದಲು ವೈದ್ಯರನ್ನು ಕಾಣಬೇಕು. ನಮ್ಮ ದಂಪತಿಗಳ ವೈದ್ಯರು ಬೇಡವೆಂದುದರಿಂದ ಅವರು ಟ್ರಿನಿಡಾಡನ್ನು ಕೈಬಿಟ್ಟು, ಆ ಎರಡು ದಿನಗಳನ್ನು ಬ್ರಿಜ್‌ಟೌನಿನಲ್ಲಿಯೇ ಕಳೆಯುವುದೆಂದು ನಿಶ್ಚಯಿಸಿದ್ದಾರೆ. ಲಂಡನ್ನಿನ ವೀಸಾ ಕಳೆದ ವಾರ ಕೈಸೇರಿತು.