ಮನೆಯಲ್ಲಿ ಕುಳಿತ ವಿನ್ಯಾಸಕಾರನ ನಿತ್ಯ ಬಂಡವಾಳ

ಸಣ್ಣ ಕೈಗಾರಿಕೆಯೊಂದರ ಆಸ್ತಿ-ಹೊಣೆ ಪಟ್ಟಿಯಲ್ಲಿ ಯಂತ್ರ, ಕಟ್ಟಡ, ದಾಸ್ತಾನು, ಬರಬೇಕಾದ ಬಾಕಿ ಇವುಗಳಿಗೆ ಒಂದೊಂದು ಸಾಲು ಇರುತ್ತದೆ. ಆದರೆ ಅಂಗಡಿಯಲ್ಲಿ ಗ್ರಾಹಕನ ಕಣ್ಣನ್ನು ಮೊದಲು ಸೆಳೆಯುವ ಸಂಗತಿಗೆ, ಎಂದರೆ ಸರಕಿನ ವಿನ್ಯಾಸಕ್ಕೆ, ಬಹುಮಟ್ಟಿಗೆ ಯಾವ ಸಾಲೂ ಇರುವುದಿಲ್ಲ. ಬಟ್ಟೆಯ ಅಂಚು, ಪೊಟ್ಟಣದ ಚಿತ್ರ, ಪೀಠೋಪಕರಣದ ಆಕಾರ ಇವನ್ನು ರೂಪಿಸಿಕೊಡುವ ವ್ಯಕ್ತಿ ಕಾರ್ಖಾನೆಯ ನೌಕರನಾಗಿರುವುದೂ ವಿರಳ. ತನ್ನ ಮನೆಯ ಒಂದು ಕೋಣೆಯಲ್ಲಿ ಕುಳಿತು, ಕೆಲಸದ ಲೆಕ್ಕದಲ್ಲಿ ಸಂಭಾವನೆ ಪಡೆದು ದುಡಿಯುವ ವಿನ್ಯಾಸಕಾರನೇ ಇಂದು ಅನೇಕ ಸಣ್ಣ ಉದ್ದಿಮೆಗಳ ಆಧಾರ. 2020ರ ಕೋವಿಡ್ ಲಾಕ್‌ಡೌನಿನ ನಂತರ ಈ ರೀತಿಯ ದುಡಿಮೆ ಪಟ್ಟಣಗಳಿಂದ ಹಳ್ಳಿಗಳಿಗೂ ಹರಡಿದೆ.

ಈ ವ್ಯವಸ್ಥೆಯಿಂದ ಉಭಯತರಿಗೂ ಉಳಿತಾಯವಿದೆ. ಆದರೆ ಇದರಲ್ಲಿ ಅಡಗಿರುವ ಒಂದು ತೊಡಕನ್ನು ವರ್ತಕ ಬಾಂಧವರು ಮನಗಾಣುವುದು ಅವಶ್ಯ. ಅದೇ ನಾಲ್ಕು ಗೋಡೆ, ಅದೇ ಗಣಕಯಂತ್ರದ ಪರದೆಯ ಎದುರು ದಿನಗಳೆಯುವ ವಿನ್ಯಾಸಕಾರನ ಕಲ್ಪನೆ ಕೆಲವೇ ತಿಂಗಳಲ್ಲಿ ಬತ್ತಬಹುದು. ಆಗ ಆತ ಅಂತರ್ಜಾಲದಲ್ಲಿ ದೊರೆಯುವ ಚಿತ್ರಗಳನ್ನು ತುಸು ತಿದ್ದಿ ಒಪ್ಪಿಸುವ ಸುಲಭ ದಾರಿ ಹಿಡಿಯುತ್ತಾನೆ. ಅದೇ ಚಿತ್ರ ಪಕ್ಕದ ಊರಿನ ಸ್ಪರ್ಧಿಗೂ ದೊರೆಯುತ್ತದೆ. ಎರಡು ಸರಕುಗಳ ನಡುವೆ ರೂಪದ ವ್ಯತ್ಯಾಸ ಉಳಿಯದಿದ್ದಾಗ ಬೆಲೆಯ ವ್ಯತ್ಯಾಸವೊಂದೇ ಉಳಿಯುತ್ತದೆ. ಬೆಲೆ ಇಳಿಸುವ ಪೈಪೋಟಿಯಲ್ಲಿ ಸಣ್ಣ ಬಂಡವಾಳದವನು ಬಹುಕಾಲ ನಿಲ್ಲಲಾರ. ಆದುದರಿಂದ ವಿನ್ಯಾಸಕಾರನ ಸ್ಫೂರ್ತಿ ಆತನ ಖಾಸಗಿ ವಿಷಯ ಮಾತ್ರವಲ್ಲ, ಉದ್ದಿಮೆದಾರನ ಲಾಭ-ನಷ್ಟಕ್ಕೂ ಸಂಬಂಧಿಸಿದ ಕಚ್ಚಾ ಸಾಮಗ್ರಿ.

ಕೊಪ್ಪದ ಸುತ್ತ ಏನಿದೆ?

ಈ ಕಚ್ಚಾ ಸಾಮಗ್ರಿಗಾಗಿ ದೂರ ಹೋಗಬೇಕಾಗಿಲ್ಲ ಎಂಬುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೈಸೂರು-ಮಡಿಕೇರಿ ಹೆದ್ದಾರಿಯ ಈ ಊರಿನಲ್ಲಿ ಕಾವೇರಿ ದಾಟಿದರೆ ಕೊಡಗಿನ ಕುಶಾಲನಗರ. ಹತ್ತಿರದಲ್ಲೇ ಬೈಲಕುಪ್ಪೆಯ ಟಿಬೆಟನ್ ನೆಲೆ. 1960ರ ದಶಕದ ಆರಂಭದಲ್ಲಿ ನಿರಾಶ್ರಿತರಾಗಿ ಬಂದವರು ಇಲ್ಲಿ ನೆಲೆಸಿದರು. 1963ರಲ್ಲಿ ಪೆನೊರ್ ರಿನ್‌ಪೊಚೆಯವರು ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಹಿಮವೇ ಬೀಳದ ಈ ನಾಡಿನಲ್ಲಿ ಕುಳಿತು ನೇಕಾರರು ಹಿಮಸಿಂಹ, ಡ್ರ್ಯಾಗನ್, ಕಮಲ, ಕೊನೆಯಿಲ್ಲದ ಗಂಟು ಮುಂತಾದ ತಮ್ಮ ನಾಡಿನ ರೂಪಗಳನ್ನು ಉಣ್ಣೆಯ ರತ್ನಗಂಬಳಿಗಳಲ್ಲಿ ಮೂಡಿಸಿದರು. ಊರನ್ನು ಕಳೆದುಕೊಂಡವರಿಗೆ ನೆನಪೇ ಬಂಡವಾಳವಾಯಿತು. ಗಾಳಿಗೆ ಹಾರುವ ಪ್ರಾರ್ಥನಾ ಪತಾಕೆಗಳಲ್ಲಿ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂಬ ಐದು ಬಣ್ಣಗಳು ಇದೇ ಕ್ರಮದಲ್ಲಿ ಬರುತ್ತವೆ. ಬಣ್ಣಗಳ ಜೋಡಣೆಗೆ ನಿಯಮವಿದ್ದರೆ ಸರಕಿಗೆ ಗುರುತು ದೊರೆಯುತ್ತದೆ ಎಂಬ ಪಾಠ ಇಲ್ಲಿದೆ.

ಇನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಭಾಗಗಳ ವರ್ಜೀನಿಯಾ ಹೊಗೆಸೊಪ್ಪನ್ನು ಗಮನಿಸಬಹುದು. ಹದಗೊಳಿಸುವ ಬ್ಯಾರನ್ನಿನಲ್ಲಿ ಹಸಿರೆಲೆ ಮೊದಲು ಹಳದಿಯಾಗಿ, ಅನಂತರ ಎಲೆ ಒಣಗಿ, ಕೊನೆಗೆ ನಡುನರ ಒಣಗುತ್ತದೆ. ಬೆಳೆಗಾರನು ನಿಂಬೆ ಹಳದಿಯಿಂದ ಕಂದಿನವರೆಗಿನ ಛಾಯೆಗಳನ್ನು ಕಣ್ಣಿನಿಂದಲೇ ವಿಂಗಡಿಸುತ್ತಾನೆ. ಬೆಳೆಗಾರನಿಗೆ ಈ ಛಾಯೆಗಳು ದರ್ಜೆಗಳು. ವಿನ್ಯಾಸಕಾರನಿಗೆ ಅವೇ ಒಂದು ಸಿದ್ಧ ಬಣ್ಣದ ಪಟ್ಟಿ. ಮನೆಯ ಬಾಗಿಲಿನ ಚುಕ್ಕಿ ರಂಗೋಲಿಯೂ ಹಾಗೆಯೇ. ಮೊದಲು ಚುಕ್ಕಿಗಳ ಲೆಕ್ಕ, ಬಳಿಕ ಗೆರೆ. ಪ್ರತಿದಿನ ಅಳಿಸಿ ಪ್ರತಿದಿನ ಬರೆಯುವ ಈ ಅಭ್ಯಾಸದಲ್ಲಿ ಜವಳಿ ವಿನ್ಯಾಸಕ್ಕೆ ಬೇಕಾದ ಪುನರಾವೃತ್ತಿ ಮತ್ತು ಸಮತೋಲನಗಳ ಶಿಕ್ಷಣ ಅಡಕವಾಗಿದೆ.

ಕಿಟಕಿ ಕಲಿಸಿದ ಪಾಠ

ಮೈಸೂರಿನಲ್ಲಿ 1921ರಲ್ಲಿ ಜನಿಸಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರು ತಮ್ಮ ಆತ್ಮಕಥೆಯಲ್ಲಿ ಬಾಲ್ಯದ ಚಿತ್ರಾಭ್ಯಾಸವನ್ನು ಸ್ಮರಿಸಿದ್ದಾರೆ. ಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಒಣ ಕಡ್ಡಿ, ಎಲೆ, ಸೌದೆ ಸೀಳುವ ಆಳು, ಎದುರು ಮನೆಯ ಮಾಡಿನ ಮೇಲಿನ ಕಾಗೆಗಳು ಇವೇ ಅವರ ಮೊದಲ ವಸ್ತುಗಳು. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನೀಡಲಿಲ್ಲ. ಆದರೆ ಕಿಟಕಿಯ ಪಾಠ ವ್ಯರ್ಥವಾಗಲಿಲ್ಲ. ಸಾಮಾನ್ಯ ಮನುಷ್ಯನನ್ನು ದಶಕಗಳ ಕಾಲ ಪತ್ರಿಕೆಯಲ್ಲಿ ಚಿತ್ರಿಸಿದ ಅವರ ಕೈಯಿಂದಲೇ 1954ರಲ್ಲಿ ಏಷ್ಯನ್ ಪೇಂಟ್ಸ್ ಸಂಸ್ಥೆಯ ಗಟ್ಟು ಎಂಬ ತುಂಟ ಹುಡುಗನ ಚಿತ್ರವೂ ಮೂಡಿತು. ಆ ಚಿತ್ರ ಬಣ್ಣದ ಡಬ್ಬಿಯನ್ನು ಮನೆಮಾತಾಗಿಸಿತು. ನಿತ್ಯದ ನೋಟವು ವಾಣಿಜ್ಯ ಮೌಲ್ಯವಾಗಿ ಮಾರ್ಪಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಧಾರವಾಡ ಪ್ರಾಂತದ ಕಸೂತಿಯೂ ಮನೆಯೊಳಗಿನ ವಿನ್ಯಾಸವೇ. ಗೋಪುರ, ತೇರು, ತುಳಸಿ ವೃಂದಾವನ, ಆನೆ, ನವಿಲು ಹೀಗೆ ಹೆಣ್ಣುಮಕ್ಕಳು ದಿನವೂ ಕಂಡ ವಸ್ತುಗಳೇ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆಗಳಲ್ಲಿ ಸೀರೆಗೆ ಇಳಿದಿವೆ. ಮೊದಲೇ ಚಿತ್ರ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಇದನ್ನು ಹೊಲಿಯಲಾಗುತ್ತದೆ. ಕಂಡದ್ದನ್ನು ಎಳೆಯ ಲೆಕ್ಕಕ್ಕೆ ಒಗ್ಗಿಸಿದಾಗ ತೇರು ತೇರಾಗಿಯೇ ಉಳಿಯದೆ ಕಸೂತಿಯ ತೇರಾಯಿತು. ಸ್ಫೂರ್ತಿಗೂ ನಕಲಿಗೂ ಇರುವ ಅಂತರ ಇಲ್ಲಿಯೇ ಇದೆ. ಬೇರೊಬ್ಬರ ಸಿದ್ಧ ಸರಕನ್ನು ನೋಡಿ ಮಾಡಿದ್ದು ನಕಲು. ವಸ್ತುವನ್ನೇ ನೋಡಿ, ತನ್ನ ಸಾಮಗ್ರಿ ಮತ್ತು ಯಂತ್ರದ ಮಿತಿಗೆ ಅದನ್ನು ಒಗ್ಗಿಸಿದ್ದು ಸ್ವಂತ ವಿನ್ಯಾಸ.

ಸ್ಫೂರ್ತಿಗೂ ದಿನವಹಿ ಬೇಕು

ವರ್ತಕನು ದಿನದ ವ್ಯವಹಾರವನ್ನು ಆ ದಿನವೇ ಬರೆದಿಡುತ್ತಾನೆ. ಮರೆತ ಜಮೆ ಮರಳಿ ಬಾರದು. ವಿನ್ಯಾಸಕಾರನ ನೋಟಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಅದಕ್ಕಾಗಿ ಈ ಕೆಳಗಿನ ಕ್ರಮ ಉಪಯುಕ್ತ.

1. ದಿನವಹಿ: ಕೆಲಸಕ್ಕೆ ಕೂರುವ ಮುನ್ನ ಅರ್ಧ ಗಂಟೆ ಹೊರಗೆ ನಡೆದು, ಕಂಡ ಒಂದು ವಸ್ತುವನ್ನಾದರೂ ದಿನಾಂಕ ಮತ್ತು ಸ್ಥಳದೊಂದಿಗೆ ಪುಸ್ತಕದಲ್ಲಿ ಚಿತ್ರಿಸಬೇಕು. ಮೊಬೈಲಿನ ಛಾಯಾಚಿತ್ರ ಪೂರಕವೇ ಹೊರತು ಪರ್ಯಾಯವಲ್ಲ. ಕೈ ಬರೆಯುವಾಗ ಕಣ್ಣು ಆರಿಸುತ್ತದೆ.

2. ಖಾತಾವಹಿ: ವಾರಕ್ಕೊಮ್ಮೆ ಈ ನಮೂದುಗಳನ್ನು ಬಣ್ಣ, ಆಕಾರ, ಹೆಣಿಗೆ, ಅಕ್ಷರ ಎಂಬ ಖಾತೆಗಳಿಗೆ ವರ್ಗಾಯಿಸಬೇಕು. ಬೇಡಿಕೆ ಬಂದಾಗ ಹುಡುಕುವ ಶ್ರಮ ಇದರಿಂದ ತಪ್ಪುತ್ತದೆ.

3. ದಾಸ್ತಾನು ಪರಿಶೀಲನೆ: ಮೂರು ತಿಂಗಳಿಗೊಮ್ಮೆ ಯಾವ ನಮೂದು ಸರಕಾಯಿತು, ಯಾವುದು ಉಳಿದಿದೆ ಎಂದು ನೋಡಬೇಕು. ಉಳಿದದ್ದು ನಷ್ಟವಲ್ಲ, ಮುಂದಿನ ಹಂಗಾಮಿನ ಆರಂಭಿಕ ಶಿಲ್ಕು.

4. ವೆಚ್ಚದ ರಸೀದಿ: ಪುಸ್ತಕ, ಬಣ್ಣ, ಪ್ರದರ್ಶನಗಳ ಪ್ರವೇಶ, ಪ್ರಯಾಣ ಮುಂತಾಗಿ ವೃತ್ತಿಗಾಗಿಯೇ ಮಾಡಿದ ವೆಚ್ಚಕ್ಕೆ ರಸೀದಿ ಇರಿಸಬೇಕು. ಮನೆಯ ಬಾಡಿಗೆ ಮತ್ತು ವಿದ್ಯುತ್ತಿನಲ್ಲಿ ವೃತ್ತಿಗೆ ಬಳಸಿದ ಪಾಲನ್ನು ಸಮಂಜಸವಾದ ಆಧಾರದ ಮೇಲೆ ಬೇರ್ಪಡಿಸಿ ಬರೆಯಬೇಕು. ಮನೆಖರ್ಚಿನೊಂದಿಗೆ ಬೆರೆತ ಲೆಕ್ಕ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.

ಕಾನೂನು ನೀಡುವ ರಕ್ಷಣೆ

ದಿನಾಂಕಸಹಿತವಾದ ಈ ಪುಸ್ತಕಕ್ಕೆ ಇನ್ನೊಂದು ಪ್ರಯೋಜನವಿದೆ. ವಿನ್ಯಾಸ ಯಾರದು, ಯಾವಾಗ ಹುಟ್ಟಿತು ಎಂಬ ತಕರಾರು ಬಂದಾಗ ಇದು ಒಳ್ಳೆಯ ಪುರಾವೆಯಾಗಬಲ್ಲದು. ಆದರೆ ಪುರಾವೆಯೇ ನೋಂದಣಿಯಲ್ಲ. 2001ರ ಮೇ 11ರಿಂದ ಜಾರಿಗೆ ಬಂದ 2000ದ ವಿನ್ಯಾಸ ಕಾಯ್ದೆಯ ಪ್ರಕಾರ, ಸರಕಿನ ಆಕಾರ, ನಮೂನೆ, ಅಲಂಕರಣ, ಗೆರೆ ಮತ್ತು ಬಣ್ಣಗಳ ಜೋಡಣೆಯನ್ನು ನೋಂದಾಯಿಸಿದರೆ 10 ವರ್ಷಗಳ ರಕ್ಷಣೆ ದೊರೆಯುತ್ತದೆ. ಅದನ್ನು ಮತ್ತೆ 5 ವರ್ಷ ವಿಸ್ತರಿಸಬಹುದು. ವಿನ್ಯಾಸವು ಹೊಸದಾಗಿರಬೇಕು ಮತ್ತು ಅರ್ಜಿಗೆ ಮುನ್ನ ಎಲ್ಲಿಯೂ ಪ್ರಕಟವಾಗಿರಬಾರದು. ಮೆಚ್ಚುಗೆ ಗಳಿಸುವ ಆತುರದಲ್ಲಿ ಹೊಸ ನಮೂನೆಯನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ ಆಮೇಲೆ ಅರ್ಜಿ ಸಲ್ಲಿಸಿದರೆ ಹಕ್ಕೇ ಕೈತಪ್ಪುವ ಅಪಾಯವಿದೆ.

1957ರ ಕೃತಿಸ್ವಾಮ್ಯ ಕಾಯ್ದೆ ತಾನಾಗಿಯೇ ಕಾಪಾಡುತ್ತದೆ ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ನಮೂನೆಯನ್ನು ನೋಂದಾಯಿಸದೆ, ಅದನ್ನು ಬಳಸಿದ ಸರಕನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ಉತ್ಪಾದಿಸಿದರೆ, ಆ ನಮೂನೆಯ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಐವತ್ತು ಸರಕುಗಳೆಂದರೆ ಸಣ್ಣ ಕಾರ್ಖಾನೆಗೂ ದೊಡ್ಡ ಸಂಖ್ಯೆಯಲ್ಲ.

ಪರಂಪರೆಯ ರೂಪಗಳನ್ನು ಬಳಸುವಾಗಲೂ ಎಚ್ಚರ ಅಗತ್ಯ. ಕಸೂತಿ, ಮೈಸೂರಿನ ಬೀಟೆ ಮರದ ಕೆತ್ತು ಕೆಲಸ ಮೊದಲಾದವುಗಳಿಗೆ ಭೌಗೋಳಿಕ ಸೂಚಕದ ನೋಂದಣಿ ಇದೆ. ಯಂತ್ರದಲ್ಲಿ ಮುದ್ರಿಸಿದ ಬಟ್ಟೆಯನ್ನು ಕಸೂತಿ ಎಂದು ಹೆಸರಿಸಿ ಮಾರುವುದು ತೊಂದರೆಗೆ ದಾರಿ. ಬೈಲಕುಪ್ಪೆಯ ಪವಿತ್ರ ಚಿಹ್ನೆಗಳನ್ನು ಪಾದರಕ್ಷೆ ಮುಂತಾದವುಗಳ ಮೇಲೆ ಮುದ್ರಿಸುವುದು ಆ ಜನರ ಮನಸ್ಸನ್ನು ನೋಯಿಸುತ್ತದೆ. ಅಂತಹ ವ್ಯಾಪಾರ ಲಾಭದಾಯಕವೂ ಆಗದು.

ವರ್ತಕರ ಪಾಲಿನ ಕರ್ತವ್ಯ

ಕೆಲಸ ಒಪ್ಪಿಸುವ ಉದ್ದಿಮೆದಾರನು ಸ್ಪರ್ಧಿಯ ಸರಕನ್ನು ಕಳುಹಿಸಿ, ಇದರಂತೆಯೇ ಬೇಕು ಎಂದು ಕೇಳುವ ಪದ್ಧತಿಯನ್ನು ಮೊದಲು ಬಿಡಬೇಕು. ಅದರ ಬದಲು ತನ್ನ ಗ್ರಾಹಕ ಯಾರು, ಸರಕು ಎಲ್ಲಿ ಬಳಕೆಯಾಗುತ್ತದೆ, ಯಂತ್ರ ಎಷ್ಟು ಬಣ್ಣಗಳನ್ನು ತಾಳುತ್ತದೆ, ವೆಚ್ಚದ ಮಿತಿ ಎಷ್ಟು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಡಬೇಕು. ವರ್ಷಕ್ಕೊಮ್ಮೆಯಾದರೂ ವಿನ್ಯಾಸಕಾರನನ್ನು ಕಾರ್ಖಾನೆಗೂ ಮಾರುಕಟ್ಟೆಗೂ ಕರೆದೊಯ್ಯಬೇಕು. ಗ್ರಾಹಕನ ಕೈ ಯಾವ ಸರಕಿನತ್ತ ಚಾಚುತ್ತದೆ ಎಂಬುದು ಮನೆಯ ಕಿಟಕಿಯಿಂದ ಕಾಣದ ಸಂಗತಿ.

ಒಡೆತನದ ವಿಷಯದಲ್ಲಿ ಬರಹದ ಕರಾರು ಅನಿವಾರ್ಯ. ಸೂಕ್ತ ಪ್ರತಿಫಲ ಪಡೆದು ಮತ್ತೊಬ್ಬರಿಗಾಗಿ ಮಾಡಿದ ವಿನ್ಯಾಸಕ್ಕೆ, ವಿನ್ಯಾಸ ಕಾಯ್ದೆಯಡಿ, ಮಾಡಿಸಿಕೊಂಡವನೇ ಒಡೆಯ. ಆದರೆ ಕೃತಿಸ್ವಾಮ್ಯದ ನಿಯಮ ಬೇರೆ. ಅಲ್ಲಿ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ರಫ್ತು ಮಾಡುವ ಉದ್ದಿಮೆಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕರಾರಿನಲ್ಲಿ ಸಂಭಾವನೆ, ತಿದ್ದುಪಡಿಗಳ ಸಂಖ್ಯೆ, ಪಾವತಿಯ ದಿನಾಂಕ ಇವೂ ಇರಬೇಕು. ಹಣಕ್ಕಾಗಿ ಅಲೆಯುವ ವಿನ್ಯಾಸಕಾರನಿಗೆ ಸುತ್ತಲಿನ ಸೊಬಗನ್ನು ನೋಡುವ ವ್ಯವಧಾನ ಉಳಿಯದು.

ಹೊಗೆಸೊಪ್ಪಿನ ಬಣ್ಣ, ಬಾಗಿಲಿನ ರಂಗೋಲಿ, ಪತಾಕೆಗಳ ಸಾಲು ಇವು ಯಾವುವೂ ಖರೀದಿಸಬೇಕಾದ ವಸ್ತುಗಳಲ್ಲ. ಅವನ್ನು ದಿನವೂ ಕಂಡು ಬರೆದಿಡುವ ವಿನ್ಯಾಸಕಾರನೂ, ಬರೆದದ್ದಕ್ಕೆ ಬೆಲೆ ಕೊಟ್ಟು ನೋಂದಾಯಿಸುವ ಉದ್ದಿಮೆದಾರನೂ ಕೂಡಿದರೆ ಸಣ್ಣ ಊರಿನ ಸರಕಿಗೂ ತನ್ನದೇ ಮುಖ ದೊರೆಯುತ್ತದೆ. ಮುಂದಿನ ಹಂಗಾಮಿನ ಬೇಡಿಕೆ ಕೈಸೇರುವ ಮುನ್ನವೇ ಆ ದಿನವಹಿಯ ಮೊದಲ ಪುಟ ಆರಂಭವಾಗುವುದು ಒಳಿತು.