ಇಡೀ ಟ್ಯೂಬಿಗೆ ಎರಡೇ ಪರಮಾಣು ಸಾಕು

ಓದುಗರೊಬ್ಬರು ಕೇಳಿದ್ದಾರೆ: ‘ಕಾರ್ಬನ್ ನ್ಯಾನೋಟ್ಯೂಬು ಉಕ್ಕಿಗಿಂತ ನೂರು ಪಟ್ಟು ಗಟ್ಟಿ ಎಂದು ಕಂಪ್ಯೂಟರ್ ಲೆಕ್ಕ ಹೇಳುತ್ತದಂತೆ. ಅದರ ಹಗ್ಗದಿಂದ ಅಂತರಿಕ್ಷಕ್ಕೆ ಲಿಫ್ಟ್ ಕಟ್ಟುವ ಸುದ್ದಿಯನ್ನು ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ. ಹಗ್ಗ ಎಲ್ಲಿ? ಕಂಪ್ಯೂಟರ್ ಸುಳ್ಳು ಹೇಳಿತೇ?’

ಸುಳ್ಳೇನೂ ಹೇಳಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿದೆ. ಏನು ಕೇಳಿದ್ದರು ಎಂಬುದನ್ನು ಮಾತ್ರ ಸುದ್ದಿ ಬರೆದವರು ನುಂಗಿಕೊಂಡರು.

ಮೊದಲು ಲೆಕ್ಕದ ಭಾರ ನೋಡೋಣ. ಇಂಗಾಲದ ಒಂದೇ ಪದರದ ಷಟ್ಕೋನ ಜಾಲ ಕೊಳವೆಯಾಗಿ ಸುತ್ತಿಕೊಂಡರೆ ನ್ಯಾನೋಟ್ಯೂಬು. ಎಷ್ಟು ದಪ್ಪಕ್ಕೆ, ಯಾವ ಓರೆಯಲ್ಲಿ ಸುತ್ತಿದೆ ಎಂಬುದನ್ನು ಎರಡು ಅಂಕಿಗಳಲ್ಲಿ ಗುರುತಿಸುತ್ತಾರೆ. (10,10) ಟ್ಯೂಬಿನ ಅಡ್ಡಳತೆ ಸುಮಾರು 1.36 ನ್ಯಾನೋಮೀಟರ್. ಅಂಥ ಒಂದು ಮಿಲಿಮೀಟರ್ ತುಂಡಿನಲ್ಲೇ ಸುಮಾರು 16 ಕೋಟಿ ಪರಮಾಣುಗಳಿರುತ್ತವೆ. ಅವು ಎಷ್ಟು ಜೋರಾಗಿ ಕಂಪಿಸುತ್ತವೆಂದರೆ, ಸಿಮ್ಯುಲೇಶನ್ ಒಂದು ಹೆಜ್ಜೆಗೆ ಒಂದು ಫೆಮ್ಟೋಸೆಕೆಂಡಿನ ಆಸುಪಾಸಿನಷ್ಟೇ ಮುಂದೆ ಸರಿಯಬೇಕು. ಕೋಟಿ ಹೆಜ್ಜೆ ಇಟ್ಟರೂ ಕಳೆದಿರುವುದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು. ಎಲೆಕ್ಟ್ರಾನುಗಳನ್ನೂ ಕ್ವಾಂಟಂ ನಿಯಮದಂತೆ ಲೆಕ್ಕಕ್ಕೆ ಹಿಡಿದರೆ ಇನ್ನೂ ಕಷ್ಟ. ರೂಢಿಯ ವಿಧಾನದಲ್ಲಿ ಪರಮಾಣುಗಳು ಎರಡರಷ್ಟಾದರೆ ಕೆಲಸ ಎಂಟರಷ್ಟಾಗುತ್ತದೆ.

ಜಪಾನಿನ ಎನ್‌ಇಸಿ ಪ್ರಯೋಗಾಲಯದ ಸುಮಿಯೊ ಇಜಿಮಾ 1991ರಲ್ಲಿ ಪದರದೊಳಗೆ ಪದರವಿದ್ದ ಟ್ಯೂಬುಗಳನ್ನು ತೋರಿಸಿದಾಗ ಸಿದ್ಧಾಂತಿಗಳು ಎದುರಿಸಿದ್ದು ಇದೇ ಗೋಡೆ. (10,10) ಟ್ಯೂಬು ಸುಲಭದ್ದು: 40 ಪರಮಾಣುಗಳ ವಿನ್ಯಾಸವೊಂದು ಉದ್ದಕ್ಕೂ ಮರುಕಳಿಸುತ್ತದೆ. ಒಂದೇ ಅಂಕಿ ಬದಲಿಸಿ (10,9) ಮಾಡಿ. ಸುತ್ತು ಓರೆಯಾಗಿ, ಅದೇ ವಿನ್ಯಾಸ ಮರಳಿ ಬರುವಷ್ಟರಲ್ಲಿ ಏಳು ನ್ಯಾನೋಮೀಟರ್ ದಾಟಿ 1084 ಪರಮಾಣುಗಳಾಗಿರುತ್ತವೆ. ದಪ್ಪ ಹೆಚ್ಚುಕಡಿಮೆ ಅಷ್ಟೇ, ಕೆಲಸ ಮಾತ್ರ ಇಪ್ಪತ್ತು ಸಾವಿರ ಪಟ್ಟು!

ಗೋಡೆಗೆ ಬಾಗಿಲು ತೆರೆದವರು ಅಮೆರಿಕದ ನೌಕಾಪಡೆಯ ಸಂಶೋಧನಾಲಯದ ವೈಟ್, ರಾಬರ್ಟ್‌ಸನ್ ಮತ್ತು ಮಿಂಟ್‌ಮೈರ್. 1993ರ ಅವರ ಉಪಾಯ ಅರ್ಥವಾಗಬೇಕೆಂದರೆ ಹೂ ಕಟ್ಟುವವರ ಕೈ ನೋಡಬೇಕು. ಎರಡು ಹೂ ಇಟ್ಟು, ಬಾಳೆನಾರು ಸುತ್ತಿ, ಗಂಟು ಬಿಗಿದು, ತುಸು ತಿರುಗಿಸಿ, ಮುಂದಿನ ಎರಡು ಹೂ. ದಿಂಡಿನ ಹಾರ ಎಷ್ಟು ಮಾರು ಬೆಳೆದರೂ ಆ ಕೈಗೆ ಗೊತ್ತಿರುವುದು ಇಷ್ಟೇ: ಎರಡು ಹೂ, ಒಂದು ತಿರುಗು, ಒಂದು ಸರಿತ. ಮೊದಲ ಹೂವಿನ ನೇರಕ್ಕೇ ಮತ್ತೊಂದು ಹೂ ಬರಲು ನೂರಾರು ಗಂಟು ಬೇಕಾದರೂ ಕಟ್ಟುವವರಿಗೆ ಅದರ ಚಿಂತೆಯಿಲ್ಲ. ವೈಟ್ ತಂಡ ಮಾಡಿದ್ದೂ ಅದನ್ನೇ. ಎಂಥ ಓರೆಯ ಟ್ಯೂಬಾದರೂ ಎರಡು ಪರಮಾಣು ಇಟ್ಟುಕೊಂಡು, ಇಷ್ಟು ಡಿಗ್ರಿ ತಿರುಗಿಸಿ ಇಷ್ಟು ಮುಂದೆ ಸರಿಸು ಎಂಬ ನಿಯಮ ಕೊಟ್ಟರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. 1084ರ ಜಾಗದಲ್ಲಿ ಎರಡು! ಮುಂದೆ 2007ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ದುಮಿತ್ರಿಕಾ ಮತ್ತು ಜೇಮ್ಸ್ ಇದೇ ಹಾದಿ ಹಿಡಿದು, ತಿರುಚಿದ, ಬಗ್ಗಿಸಿದ ಟ್ಯೂಬುಗಳನ್ನೂ ಕೆಲವೇ ಪರಮಾಣುಗಳಲ್ಲಿ ಲೆಕ್ಕ ಹಾಕುವಂತೆ ಮಾಡಿದರು. ಹಾರವನ್ನು ತಿರುಚಿದಾಗ ಬದಲಾಗುವುದು ತಿರುಗಿನ ಅಳತೆಯಷ್ಟೇ ತಾನೆ?

ಇಂಥ ಲೆಕ್ಕಗಳು ಪ್ರಯೋಗಕ್ಕಿಂತ ಮುಂದೆ ಓಡಿದ್ದೂ ಉಂಟು. ಎರಡು ಅಂಕಿಗಳ ವ್ಯತ್ಯಾಸ ಮೂರರಿಂದ ಭಾಗವಾದರೆ ಟ್ಯೂಬು ಲೋಹದಂತೆ, ಇಲ್ಲದಿದ್ದರೆ ಅರೆವಾಹಕದಂತೆ ವರ್ತಿಸುತ್ತದೆ ಎಂದು 1992ರಲ್ಲೇ ಸಿದ್ಧಾಂತಿಗಳು ಹೇಳಿದ್ದರು. ಸೂಕ್ಷ್ಮದರ್ಶಕದಲ್ಲಿ ಅದು ಖಚಿತವಾದದ್ದು 1998ರಲ್ಲಿ.

ಇನ್ನೊಂದು ಹಾದಿ ಪರಮಾಣುಗಳನ್ನೇ ಮರೆಯುವುದು. 1996ರಲ್ಲಿ ಯಾಕೋಬ್ಸನ್, ಬ್ರಬೆಕ್, ಬರ್ನ್‌ಹಾಲ್ಕ್ ಸೇರಿ ಆರು ನ್ಯಾನೋಮೀಟರ್ ಉದ್ದದ ಟ್ಯೂಬನ್ನು ಕಂಪ್ಯೂಟರಿನಲ್ಲಿ ಎರಡೂ ತುದಿಗಳಿಂದ ಅದುಮಿದರು. ಶೇ. 5ರಷ್ಟು ಕುಗ್ಗುವಾಗ ಅದು ತಟ್ಟನೆ ಸೊಟ್ಟಗಾಯಿತು. ಅದುಮುತ್ತ ಹೋದಂತೆ ಮತ್ತೆ ಮತ್ತೆ ಆಕಾರ ಬದಲಿಸಿತು. ಎಂಜಿನಿಯರರು ಟ್ಯಾಂಕು, ಪೈಪುಗಳಿಗೆ ಬಳಸುವ ತೆಳುಚಿಪ್ಪಿನ ಸೂತ್ರಕ್ಕೆ ಇದು ಸೊಗಸಾಗಿ ಹೊಂದಿತು. ಒಂದೇ ಷರತ್ತು: ಗೋಡೆಯ ದಪ್ಪ 0.066 ನ್ಯಾನೋಮೀಟರ್ ಎಂದೂ ಬಿಗಿತ 5.5 ಟೆರಾಪ್ಯಾಸ್ಕಲ್ ಎಂದೂ ಹಿಡಿಯಬೇಕು. ಗ್ರಾಫೈಟಿನ ಪದರಗಳ ಅಂತರವಾದ 0.34 ನ್ಯಾನೋಮೀಟರನ್ನೇ ದಪ್ಪವೆಂದು ಹಿಡಿದವರಿಗೆ ಬಿಗಿತ ಸುಮಾರು 1 ಟೆರಾಪ್ಯಾಸ್ಕಲ್ ಬರುತ್ತದೆ. ಗುಣಿಸಿ ನೋಡಿ, ಎರಡೂ ಹೆಚ್ಚುಕಡಿಮೆ ಒಂದೇ. ‘ಐದು ಪಟ್ಟು ಬಿಗಿ’ ಎಂಬ ತಲೆಬರಹಗಳು ಹುಟ್ಟುವುದು ಇಂಥ ಕಡೆ!

ಈಗ ಹಗ್ಗಕ್ಕೆ ಬರೋಣ. ಮನೆ ಕಟ್ಟುವಾಗ ಕೇಳಿ ತರುವ ಎಫ್‌ಇ 500 ಸರಳು ತಾಳಬೇಕಾದದ್ದು 500 ಮೆಗಾಪ್ಯಾಸ್ಕಲ್, ಅಂದರೆ ಅರ್ಧ ಗಿಗಾಪ್ಯಾಸ್ಕಲ್. ನ್ಯಾನೋಟ್ಯೂಬಿಗೆ ಲೆಕ್ಕ ಹೇಳಿದ್ದು ಸುಮಾರು 100 ಗಿಗಾಪ್ಯಾಸ್ಕಲ್. 2000ದಲ್ಲಿ ರಾಡ್ನಿ ರೂಫ್ ಮತ್ತು ಸಂಗಡಿಗರು ಟ್ಯೂಬುಗಳನ್ನು ಒಂದೊಂದಾಗಿ ಎಳೆದು ನೋಡಿದಾಗ 11ರಿಂದ 63ರ ನಡುವೆ ಹರಿದವು. 2008ರಲ್ಲಿ ಊನ ತೀರ ಕಡಿಮೆಯಿದ್ದವನ್ನು ಎಳೆದಾಗ 100ರ ಹತ್ತಿರಕ್ಕೇ ಬಂತು. ಲೆಕ್ಕ ಸರಿಯಿತ್ತು, ಊನವಿಲ್ಲದ ಟ್ಯೂಬಿಗೆ ಸರಿಯಿತ್ತು. ಎರಡೇ ಪರಮಾಣುಗಳ ಜಾಣತನ ನಿಂತಿರುವುದು ಎಲ್ಲ ಕಡೆಯೂ ಒಂದೇ ತೆರನಾಗಿದೆ ಎಂಬ ನಂಬಿಕೆಯ ಮೇಲೆ. ಒಂದು ಪರಮಾಣು ಕಾಣೆಯಾದರೂ ಆ ಸಮಮಿತಿ ಮುರಿಯುತ್ತದೆ. ಆಗ ಊನದ ಸುತ್ತ ಪರಮಾಣುಗಳನ್ನು ಒಂದೊಂದಾಗಿ ಎಣಿಸಿ, ದೂರದ ಭಾಗವನ್ನು ಅಖಂಡ ವಸ್ತುವೆಂದು ಹಿಡಿಯುವ ಬೆರಕೆ ಲೆಕ್ಕ ಬೇಕು. ಹಗ್ಗದಲ್ಲಂತೂ ಟ್ಯೂಬು ಹರಿಯಲೇಬೇಕಿಲ್ಲ. ಪಕ್ಕಪಕ್ಕದ ಟ್ಯೂಬುಗಳ ನಡುವಿನ ಸೆಳೆತ ದುರ್ಬಲವಾದ್ದರಿಂದ ಒಂದರ ಮೇಲೊಂದು ಜಾರಿದರೂ ಹಗ್ಗ ಹೋಯಿತು.

ಹಾಗಾಗಿ ಓದುಗರಲ್ಲಿ ವಿನಂತಿ ಇಷ್ಟೇ: ‘ಕಂಪ್ಯೂಟರ್ ಸಿಮ್ಯುಲೇಶನ್ ತೋರಿಸಿದೆ’ ಎಂಬ ಸುದ್ದಿ ಬಂದಾಗಲೆಲ್ಲ ಎಷ್ಟು ಪರಮಾಣು, ಊನವಿತ್ತೋ ಇಲ್ಲವೋ ಎಂದು ಎರಡು ಪ್ರಶ್ನೆ ಕೇಳಿ. ಅಂತರಿಕ್ಷದ ಲಿಫ್ಟಿಗೆ ಕಡಿಮೆಯೆಂದರೂ 36 ಸಾವಿರ ಕಿಲೋಮೀಟರ್ ಹಗ್ಗ ಬೇಕು. 2013ರಲ್ಲಿ ಬೀಜಿಂಗ್‌ನ ಚಿಂಗ್‌ಹುವಾ ವಿಶ್ವವಿದ್ಯಾಲಯದವರು ದಾಖಲೆಯೆಂದು ಬೆಳೆಸಿದ ನ್ಯಾನೋಟ್ಯೂಬಿನ ಉದ್ದ 55 ಸೆಂಟಿಮೀಟರ್.