ಒಂದು ಗಾಡಿ, ನಾಲ್ಕು ಕೀ

ನಮ್ಮ ಮನೆಯ ಹಳೆಯ ಪಿಕಪ್ಪಿಗೆ ನಾಲ್ಕು ಕೀ. ಸ್ಟಾರ್ಟ್ ಮಾಡಲು ಒಂದು, ಬಲಬಾಗಿಲಿಗೆ ಒಂದು, ಡೀಸೆಲ್ ಟ್ಯಾಂಕಿಗೆ ಒಂದು, ಎಡಬಾಗಿಲಿಗೆ ಕೆಂಪು ದಾರ ಕಟ್ಟಿದ ಮತ್ತೊಂದು. ನಸುಕಿನಲ್ಲೇ ಶುಂಠಿ ಹೇರಿಕೊಂಡು ಹಾಸನಕ್ಕೆ ಹೋಗುವ ಅಣ್ಣ, ಮಳೆಯಲ್ಲಿ ನಿಂತು ಕತ್ತಲಲ್ಲಿ ಆ ದಾರಕ್ಕಾಗಿ ತಡಕಾಡುತ್ತಿದ್ದ. ಮಾಲು ಮಾರಿದ ದುಡ್ಡು, ಆರ್‌ಸಿ ಎರಡೂ ಕ್ಯಾಬಿನ್ನಿನಲ್ಲೇ ಇರುವಾಗ ಬೀಗ ಹಾಕದೆ ಬಿಡುವಂತೆಯೂ ಇಲ್ಲ.

ಕೈಯಿಂದ ಕೈಗೆ ದಾಟಿದ ಗಾಡಿಗಳಲ್ಲಿ ಇದು ಮಾಮೂಲು. ಎಲ್ಲೋ ಗುದ್ದಿ ಬಾಗಿಲು ನಜ್ಜುಗುಜ್ಜಾದರೆ ಗುಜರಿಯಿಂದ ಇನ್ನೊಂದು ಗಾಡಿಯ ಬಾಗಿಲು ಬೀಗದ ಸಮೇತ ಬಂದು ಕೂರುತ್ತದೆ. ಕೀ ಕಳೆದರೆ ಇಗ್ನಿಷನ್ ಬದಲಾಗುತ್ತದೆ. ಹೊಸ ಲಾಕ್ ಸೆಟ್ಟನ್ನೇ ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್ಕುಗಳು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅದು ಸಿಗುತ್ತದೆ ಕೂಡ. ಆದರೆ ಚೆನ್ನಾಗಿರುವ ಬೀಗವನ್ನು ಯಾಕೆ ಎಸೆಯಬೇಕು? ಅದರ ಹೊಟ್ಟೆಯೊಳಗಿನ ಜೋಡಣೆ ಬದಲಿಸಿದರೆ ಸಾಕು.

ಈ ಬೀಗಗಳ ತತ್ವ ಬಹಳ ಹಳೆಯದು. ಅಮೆರಿಕದ ಫೈಲೋ ಫೆಲ್ಟರ್ 1868ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ತಿರುಗುವ ಸಿಲಿಂಡರಿನಲ್ಲಿ ಹಿತ್ತಾಳೆಯ ತೆಳು ಪ್ಲೇಟುಗಳು, ಪ್ರತಿಯೊಂದರ ಪಕ್ಕ ಕೂದಲೆಳೆಯಂಥ ಸ್ಪ್ರಿಂಗು. ಪ್ಲೇಟುಗಳ ಹೊರಗಾತ್ರ ಒಂದೇ. ನಡುವಿನ ಕಿಂಡಿ ಮಾತ್ರ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಸರಿಯಾದ ಕೀ ಹಾಕಿದರೆ ಎಲ್ಲವೂ ಸಿಲಿಂಡರಿನ ಮಟ್ಟಕ್ಕೆ ಬಂದು ಅದು ತಿರುಗುತ್ತದೆ. ಒಂದು ಹೊರಗೆ ಚಾಚಿದ್ದರೂ ಇಲ್ಲ.

ಬಾಗಿಲು ಬಿಚ್ಚುವುದು ಮನೆಯಲ್ಲೇ ಆಯಿತು. ಗಾಜು ಇಳಿಸುವ ಹಿಡಿಯ ಹಿಂದೆ ಬಟ್ಟೆ ತೂರಿಸಿ ಅತ್ತಿತ್ತ ಎಳೆದರೆ ಕ್ಲಿಪ್ಪು ಹಾರುತ್ತದೆ. ಆಮೇಲೆ ಒಳಹಲಗೆ, ಕೊನೆಗೆ ಬೀಗವನ್ನು ಹಿಡಿದಿಟ್ಟ ಲಾಳದಾಕಾರದ ಕ್ಲಿಪ್ಪು. ಎರಡೂ ಬೀಗಗಳನ್ನು ಬಸ್‌ಸ್ಟ್ಯಾಂಡಿನ ಬಳಿ ಕೀ ಮಾಡುವ ಯಜಮಾನರ ಮುಂದಿಟ್ಟೆವು.

ಅವರು ಮೊದಲು ಇಗ್ನಿಷನ್ ಕೀಯನ್ನು ಬಾಗಿಲ ಬೀಗಕ್ಕೆ ತೂರಿಸಿ ನೋಡಿದರು. ಪೂರ್ತಿ ಒಳಗೆ ಹೋಯಿತು, ತಿರುಗಲಿಲ್ಲ. "ಹೋಗ್ತದಲ್ಲ, ಸಾಕು ಬಿಡಿ. ಬೇರೆ ಕಂಪನಿದಾಗಿದ್ರೆ ಬಾಯೊಳಕ್ಕೇ ಹೋಗ್ತಿರಲಿಲ್ಲ" ಎಂದರು. ಆ ಬೀಗದ್ದೇ ಕೀ ಹಾಕಿ ಸಿಲಿಂಡರನ್ನು ಹೊರಗೆಳೆದು, ಬಿಳಿ ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಿ ಒಂದೊಂದೇ ಪ್ಲೇಟು ಬಿಡಿಸಿದರು. ನಂತರ ಇಗ್ನಿಷನ್ ಕೀ ಹಾಕಿ, ಚಾಚಿಕೊಂಡ ಪ್ಲೇಟು ತೆಗೆದು ಸರಿಹೊಂದುವುದನ್ನು ಕೂರಿಸುತ್ತ ಹೋದರು. ಎರಡು ಬೀಗಗಳ ಪ್ಲೇಟು ಸಾಲದಾದಾಗ ಹಳೆಯ ವಿಭೂತಿ ಡಬ್ಬಿಯಿಂದ ಮೂರನ್ನು ಹೆಕ್ಕಿದರು.

ಬಲಬಾಗಿಲ ಬೀಗ ಬಿಚ್ಚಿದಾಗ ಅವರ ಮುಖ ಬಾಡಿತು. ಯಾರೋ ಎರಡು ಪ್ಲೇಟುಗಳ ತಲೆಯನ್ನು ಅರದಿಂದ ಉಜ್ಜಿಹಾಕಿದ್ದರು. ಹೊಂದಾಣಿಕೆಗೆ ಇದು ಐದು ನಿಮಿಷದ ದಾರಿ. ಆದರೆ ಉಜ್ಜಿದ ಪ್ಲೇಟು ಇನ್ನು ಯಾರನ್ನೂ ತಡೆಯುವುದಿಲ್ಲ. ಬೇರೆ ಗಾಡಿಯ ಕೀಗೂ ಬಾಗಿಲು ತೆರೆದೀತು. ಇಷ್ಟು ವರ್ಷ ಆ ಬೀಗವನ್ನೇ ನಂಬಿ ದುಡ್ಡು ಇಟ್ಟಿದ್ದೆವು! ಅವನ್ನೂ ಬದಲಿಸಿದರು. ಎಣ್ಣೆ ಬಿಟ್ಟರೆ ಧೂಳು ಕೂರುತ್ತದೆಂದು ಗ್ರಾಫೈಟ್ ಪುಡಿ ಊದಿದರು.

ಈಗ ಸ್ಟಾರ್ಟಿಗೂ ಎರಡು ಬಾಗಿಲಿಗೂ ಒಂದೇ ಕೀ. ಟ್ಯಾಂಕಿನ ಮುಚ್ಚಳದ ಬೀಗ ಮಾತ್ರ ಬಿಚ್ಚಲಾಗದಂತೆ ಒತ್ತಿ ಮುಚ್ಚಿದ್ದು. ಕೆಂಪು ದಾರ ಈಗ ಅದರ ಕೀಯಲ್ಲಿದೆ.